ಮೊದಲು ನೀರು ಬಂದ್ ಮಾಡಬೇಕು

ಊರಿನ ಹೆಸರು ಹೇಳುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಇಷ್ಟೇ ಸುತ್ತಿನಲ್ಲಿ ನನ್ನ ನೌಕರಿಯೆಲ್ಲ ಕಳೆದಿದೆ. ಎಲ್ಲಿಗೆ ವರ್ಗವಾದರೂ ಬೆಳಿಗ್ಗೆ ಬೆಟಗೇರಿಯಿಂದ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವುದು, ಸಂಜೆ ಖಾಲಿ ಡಬ್ಬಿ ಹಿಡಿದು ಇಳಿಯುವುದು. ಈ ಸುತ್ತಿನ ಒಂದು ಸಣ್ಣ ಊರಿನ ಕಚೇರಿಯಲ್ಲಿ ನಡೆದ ಸಂಗತಿ ಇದು. ಓದಿದವರು ಇದು ತಮ್ಮದೇ ಊರು ಎಂದುಕೊಂಡರೆ ನನ್ನ ತಕರಾರೇನಿಲ್ಲ.

ನಾನು ಊರಾಡಳಿತದ ಕಚೇರಿಯಲ್ಲಿ ಗುಮಾಸ್ತೆ. ಹೇಳಿಕೊಳ್ಳುವಂಥದ್ದು ನನ್ನಲ್ಲಿ ಒಂದೇ ಇತ್ತು, ಬರವಣಿಗೆ. ಮೇಲಿನವರು ಎಂಥ ಅಡ್ಡ ಪ್ರಶ್ನೆ ಕೇಳಿದರೂ ಕಚೇರಿಗೆ ಕುಂದು ಬಾರದ ಹಾಗೆ ಉತ್ತರ ತಯಾರು ಮಾಡುತ್ತಿದ್ದೆ. ಮೇಡಂ ಬರೆದರೆ ಆಡಿಟ್‌ನವರಿಗೂ ಕೊಂಕು ಸಿಗುವುದಿಲ್ಲ ಎಂದು ನಮ್ಮ ಮುಖ್ಯಾಧಿಕಾರಿಗಳು ನಾಲ್ಕು ಜನರೆದುರು ಹೇಳಿದ್ದುಂಟು. ಆ ಮಾತನ್ನು ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದ್ದೆ. ಅವರು ಮೂರನೇ ಸಲ ಕೇಳಲು ಒಪ್ಪಲಿಲ್ಲ.

ಒಂದು ದಿನ ಜಿಲ್ಲಾ ಕಚೇರಿಯಿಂದ ಪತ್ರ ಬಂತು. ಪ್ರತಿ ಊರಿನವರೂ ಅಪಾಯದ ಯೋಜನೆ ಬರೆದು ಕಳಿಸಬೇಕು. ನೀರಿನ ಟ್ಯಾಂಕು ಕುಸಿದರೆ ಏನು, ದೊಡ್ಡ ಪೈಪು ಒಡೆದರೆ ಏನು, ವಿಷಾನಿಲ ಸೋರಿದರೆ ಏನು, ಯಾರು ಓಡಬೇಕು, ಯಾರು ಯಾರಿಗೆ ಫೋನು ಮಾಡಬೇಕು, ಎಲ್ಲ. ಹದಿನೈದು ದಿನದ ಗಡುವು. ಪತ್ರ ಮುಖ್ಯಾಧಿಕಾರಿಗಳಿಂದ ಎಂಜಿನಿಯರರಿಗೆ, ಎಂಜಿನಿಯರರಿಂದ ನನಗೆ ಬಂತು. ನನ್ನ ಕೆಳಗೆ ಯಾರೂ ಇರಲಿಲ್ಲವಾದ್ದರಿಂದ ಅಲ್ಲಿಯೇ ನಿಂತಿತು.

ನಮ್ಮ ಊರಿನಲ್ಲಿ ವಿಷಾನಿಲ ಎಂದರೆ ಒಂದೇ ಜಾಗ. ಊರ ಹೊರಗಿನ ದಿಬ್ಬದ ಮೇಲೆ ಹೊಳೆಯ ನೀರು ಶುದ್ಧ ಮಾಡುವ ಘಟಕವಿದೆ. ಅಲ್ಲಿನ ಒಂದು ಕೋಣೆಯಲ್ಲಿ ಹಳದಿ ಬಣ್ಣದ ಕ್ಲೋರಿನ್ ಸಿಲಿಂಡರುಗಳು. ದಿಬ್ಬದ ಕೆಳಗೆ ಇಳಿಜಾರಿನಲ್ಲಿ ಒಂದು ಓಣಿ, ನಲವತ್ತು ಮನೆ ಇರಬಹುದು. ಕ್ಲೋರಿನ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ತಗ್ಗಿಗೆ ಇಳಿಯುತ್ತದೆ ಎಂದು ಪತ್ರದ ಜೊತೆ ಬಂದ ಮಾಹಿತಿಯಲ್ಲೇ ಇತ್ತು. ತಗ್ಗು ಎಂದರೆ ಆ ಓಣಿಯೇ.

ಆ ಓಣಿಯನ್ನು ನೋಡಿ ಬರಲು ಹೋಗಲಿಲ್ಲ. ಬಿಸಿಲಿತ್ತು ಎಂಬುದು ಆಗಿನ ನೆವ. ಕುಳಿತಲ್ಲೇ ನಕ್ಷೆ ನೋಡಿ ಬರೆಯತೊಡಗಿದೆ. ನಾಲ್ಕನೆಯ ದಿನ ನೀರು ಬಿಡುವ ಕಾಕಾ ಕಚೇರಿಗೆ ಬಂದರು.

ಅವರನ್ನು ಇಡೀ ಊರು ಕಾಕಾ ಎನ್ನುತ್ತಿತ್ತು, ನಾನೂ ಅಷ್ಟೇ. ಐವತ್ತೈದು ದಾಟಿದ ವಯಸ್ಸು, ಸೈಕಲ್ಲಿನ ಹಿಂದೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ. ಯಾವ ಓಣಿಯ ಪೈಪು ಎಲ್ಲಿ ಹಾದಿದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಮೋಟಾರು ಹಚ್ಚಿ ನೀರು ಕದಿಯುತ್ತಾರೆ, ಎಲ್ಲವೂ ಅವರ ತಲೆಯಲ್ಲಿತ್ತು. ಕೆಲಸ ಮಾತ್ರ ಹೊರಗುತ್ತಿಗೆಯದು, ಪ್ರತಿ ವರ್ಷ ಪಟ್ಟಿಯಲ್ಲಿ ಹೆಸರು ಬಂದರೆ ಉಂಟು. ಪೇಪರು ನಿಧಾನಕ್ಕೆ ಓದುತ್ತಿದ್ದರು. ಬರೆಯುವುದೆಂದರೆ ಸಹಿ ಒಂದೇ.

ನಾನು ಯೋಜನೆ ಬರೆಯುತ್ತಿರುವ ಖಬರು ಅವರಿಗೆ ಹೇಗೋ ಮುಟ್ಟಿತ್ತು. ಬೆಂಚಿನ ಮೇಲೆ ಕೂಡಿರೆಂದರೂ ಕೂಡಲಿಲ್ಲ. ನಿಂತುಕೊಂಡೇ ಹೇಳಿದರು:

"ಅಕ್ಕಾರ, ಒಂದ್ ಮಾತ್ ಬರಕೋರಿ. ನಳ ಬಂದ ದಿನ ಆ ಓಣ್ಯಾಗಿನ ಮಂದಿ ಮನಿ ಬಿಟ್ಟ್ ಹೊರಗ ಬರೂದಿಲ್ರಿ. ನೀವು ಮೈಕ್ ಹಚ್ಚಿ ಒದರ್ರಿ, ಪೊಲೀಸ್ರನ್ನ ಕರಸ್ರಿ, ಕೊಡ ತುಂಬೂತನಕ ಬರೂದಿಲ್ಲ. ಮೊದ್ಲ ನೀರ್ ಬಂದ್ ಮಾಡ್ಬೇಕು. ಆಮ್ಯಾಲ ಏಳ್ರಿ ಅನ್ಬೇಕು."

ಬರೆದುಕೊಳ್ಳುತ್ತೇನೆ ಎಂದೆ. ಅವರೆದುರಿಗೇ ಒಂದು ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡೆ ಕೂಡ. ಅವರು ಅದನ್ನು ನೋಡಿ, ಸಮಾಧಾನದಿಂದ ಹೋದರು.

ಅವರ ಮಾತು ನನಗೆ ಹೊಸದೇನಲ್ಲ. ನಾನು ಬೆಟಗೇರಿಯ ನೇಕಾರರ ಮನೆಯ ಮಗಳು. ಒಂದು ಮದುವೆಯಲ್ಲಿ ನಮ್ಮವ್ವ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ, ಓಣಿಗೆ ನಳ ಬಂತಂತೆ ಎಂದು ಯಾರೋ ಹೇಳಿದ್ದೇ ತಡ, ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದಿದ್ದಳು. ಬೀಗರು ಸಿಟ್ಟಾದರು. ಅವ್ವ ಹೊರಳಿ ನೋಡಲಿಲ್ಲ. ಬೆಟಗೇರಿಯಲ್ಲೂ ಈ ಊರಿನಲ್ಲೂ ಹತ್ತು ಹನ್ನೆರಡು ದಿನಕ್ಕೊಮ್ಮೆ ಬರುವ ನೀರು ಅದು. ಆ ದಿನ ಕೆಲಸಕ್ಕೆ ಹೋಗುವವರು ಹೋಗುವುದಿಲ್ಲ, ಶಾಲೆಗೆ ಹೋಗುವ ಹುಡುಗಿಯರೂ ಹೋಗುವುದಿಲ್ಲ. ಹರಿಯುವ ನಳ ಬಿಟ್ಟು ಏಳಲು ನಮ್ಮ ಕಡೆ ಹೆಂಗಸರಿಗೆ ಕಾಲೇ ಬರುವುದಿಲ್ಲ. ಇದನ್ನು ತಿಳಿದವಳೇ ನಾನು.

ಆದರೆ ನಮ್ಮ ಕಚೇರಿಯ ದಾಖಲೆಯಲ್ಲಿ ಊರಿಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಆ ಸಾಲು ನಾನು ಬರುವ ಮೊದಲೇ ಇತ್ತು, ನಾನೂ ವರ್ಷ ವರ್ಷ ಅದನ್ನೇ ಬರೆದಿದ್ದೆ. ನೀರು ಬಂದ ದಿನ ಜನ ಮನೆ ಬಿಡುವುದಿಲ್ಲ ಎಂದು ಬರೆದರೆ ಯಾಕೆ ಬಿಡುವುದಿಲ್ಲ ಎಂದು ಮೇಲಿನವರು ಕೇಳುತ್ತಾರೆ. ಯಾಕೆಂದು ಹೇಳಹೋದರೆ ದಿನ ಬಿಟ್ಟು ದಿನದ ಬಣ್ಣ ಬಯಲಾಗುತ್ತದೆ. ಬರೆಯಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಮುಖ್ಯಾಧಿಕಾರಿಗಳನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ ಬರೆಯಿರಿ ಎನ್ನುತ್ತಿದ್ದರೋ ಏನೋ, ಅಷ್ಟು ಕೆಟ್ಟವರಲ್ಲ ಅವರು. ಕೊಂಕಿಲ್ಲದ ಬರಹ ಎಂಬ ನನ್ನ ಹೆಸರಿಗೆ ನಾನೇ ಕಾವಲು ಕುಳಿತಿದ್ದೆ. ಚೀಟಿಯನ್ನು ಡ್ರಾವರಿನಲ್ಲಿ ಹಾಕಿ ಹೀಗೆ ಬರೆದೆ: 'ಸೋರಿಕೆ ಕಂಡುಬಂದ ಕೂಡಲೇ ಧ್ವನಿವರ್ಧಕದ ಮೂಲಕ ಸಾರ್ವಜನಿಕರನ್ನು ಎಚ್ಚರಿಸಿ ಹದಿನೈದು ನಿಮಿಷಗಳಲ್ಲಿ ಸ್ಥಳಾಂತರಿಸತಕ್ಕದ್ದು. ತರಬೇತಿ ಹೊಂದಿರದ ಸಿಬ್ಬಂದಿ ಯಾವುದೇ ಕಾರಣಕ್ಕೂ ಅನಿಲವಿರುವ ಪ್ರದೇಶವನ್ನು ಪ್ರವೇಶಿಸತಕ್ಕದ್ದಲ್ಲ.'

ಓದಿದರೆ ಎಷ್ಟು ಚೆಂದ ಇದೆ ನೋಡಿ. ಯೋಜನೆ ಒಂದೇ ಸಲಕ್ಕೆ ಮಂಜೂರಾಯಿತು. ಬೇರೆ ಊರಿನ ಗುಮಾಸ್ತರು ನನ್ನಿಂದ ಪ್ರತಿ ತರಿಸಿಕೊಂಡು ಊರಿನ ಹೆಸರಷ್ಟೇ ಬದಲಿಸಿ ಕಳಿಸಿದರು. ಅದಕ್ಕೂ ಹಿಗ್ಗಿದೆ.

ಮರುವರ್ಷದ ಬೇಸಿಗೆಯಲ್ಲಿ ಅದು ಸೋರಿತು. ಬೆಳಗಿನ ಒಂಬತ್ತೂವರೆ. ನಾನು ಆಗತಾನೇ ಬಸ್ಸಿಳಿದು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ಸಿಲಿಂಡರಿನ ಜೋಡಣೆಯ ವಾಷರು ಹರಿದಿದೆ, ಘಟಕದವರೆಲ್ಲ ಹೊರಗೆ ಓಡಿ ಬಂದಿದ್ದಾರೆ ಎಂದು ಫೋನು ಬಂತು. ಎಂಜಿನಿಯರರು ಯೋಜನೆಯ ಪುಸ್ತಕ ತಗೊಂಡು ಗಾಡಿ ಹತ್ತಿ ಎಂದರು. ಹತ್ತಿದೆ. ಗದಗಿನಿಂದ ಅಗ್ನಿಶಾಮಕದವರು ಹೊರಟಿದ್ದರು, ಆದರೆ ದಾರಿ ದೂರ.

ದಿಬ್ಬದ ಮಗ್ಗುಲಲ್ಲಿ, ಗಾಳಿ ಬೀಸಿ ಬರುವ ಕಡೆಯ ರಸ್ತೆಯಲ್ಲಿ ನಿಂತೆವು. ಅಲ್ಲಿಂದ ಓಣಿ ಪೂರ್ತಿ ಕಾಣುತ್ತಿತ್ತು. ಕಸದ ಗಾಡಿಯ ಮೈಕಿನಲ್ಲಿ, ಎಲ್ಲರೂ ಮನೆ ಬಿಟ್ಟು ಮೇಲಿನ ರಸ್ತೆಗೆ ಬರಬೇಕು ಎಂದು ಕೂಗಿಸಿದೆವು. ಯಾರೂ ಬರಲಿಲ್ಲ. ಅವತ್ತು ಆ ಓಣಿಯ ನೀರಿನ ಪಾಳಿ. ಪ್ರತಿ ಕಟ್ಟೆಯ ಮುಂದೆ ಕೊಡ, ಬಕೆಟ್ಟು, ನೀಲಿ ಡ್ರಮ್ಮು. ಇಬ್ಬರು ಮೂವರು ತಲೆಯೆತ್ತಿ ನಮ್ಮ ಕಡೆ ನೋಡಿದರು. ಬಂದೆವು, ಇದೊಂದು ತುಂಬಲಿ ಎಂದು ಕೈ ಮಾಡಿದರು. ಅಷ್ಟರಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ನಮಗೂ ಬಂತು. ಘಟಕದ ಗೋಡೆಯ ಬುಡದಲ್ಲಿ ತಿಳಿ ಹಳದಿ ಹೊಗೆಯಂಥದ್ದು ನೆಲ ಹಿಡಿದು ಇಳಿಯುತ್ತಿತ್ತು. ಓಣಿಯ ಮೇಲಿನ ಮನೆಗಳವರು ಕೆಮ್ಮತೊಡಗಿದರು. ಸೆರಗನ್ನು ಮೂಗಿಗೆ ಕಟ್ಟಿಕೊಂಡರು. ಕಟ್ಟಿಕೊಂಡು ಮತ್ತೆ ಕೊಡದ ಮುಂದೆ ಕುಳಿತರು.

ನಾನು ಪುಸ್ತಕ ಎದೆಗವುಚಿಕೊಂಡು ವಾಚು ನೋಡುತ್ತಿದ್ದೆ. ಹದಿನೈದು ನಿಮಿಷ ಎಂದು ಬರೆದವಳು ನಾನೇ ತಾನೇ.

ನೀರು ಬಿಟ್ಟ ಮೇಲೆ ಕಾಕಾ ಆ ರಸ್ತೆಯ ಚಹಾದಂಗಡಿಯಲ್ಲಿ ಕುಳಿತಿರುವುದು ವಾಡಿಕೆ. ಅಲ್ಲಿಂದಲೇ ಓಡಿ ಬಂದರು. ನನ್ನ ಹತ್ತಿರ ಬಂದು ನೀರು ಬಂದ್ ಮಾಡಿದ್ದಾರೇನ್ರಿ ಎಂದು ಕೇಳಿದರು. ಇಲ್ಲ ಎಂದೆ. ಆ ಓಣಿಗೆ ನೀರು ಊರೊಳಗಿನ ಟ್ಯಾಂಕಿನಿಂದ, ಕೆಳಗಿನಿಂದ ಬರುತ್ತದೆ. ವಾಲ್ವ್ ಇರುವುದು ಓಣಿಯ ತಗ್ಗಿನ ತುದಿಯಲ್ಲಿ, ಆಳೆತ್ತರದ ಗುಂಡಿಯೊಳಗೆ. ಅವರು ಚಹಾದಂಗಡಿಯ ನೀರಿನ ಬಾನಿಯಲ್ಲಿ ಟವೆಲು ಅದ್ದಿ ಮುಖಕ್ಕೆ ಸುತ್ತಿಕೊಂಡರು. ಹೋಗಬೇಡಿ ಕಾಕಾ, ಹೋಗುವ ಹಾಗಿಲ್ಲ ಎಂದು ಕೂಗಿದೆ. ಪುಸ್ತಕ ತೋರಿಸಿದೆನೋ ಏನೋ, ಈಗ ನೆನಪು ಮಾಡಿಕೊಳ್ಳಲು ಮನಸ್ಸಾಗುವುದಿಲ್ಲ. ಅವರು ಚಾವಿ ಹೆಗಲಿಗೇರಿಸಿ ಓಣಿಯ ಹಿತ್ತಿಲುಗಳ ದಾರಿ ಹಿಡಿದು ಇಳಿದೇಬಿಟ್ಟರು.

ಐದು ನಿಮಿಷದಲ್ಲಿ ನಳಗಳು ಸಣ್ಣಗಾದವು, ನಿಂತವು. ಆಗ ನೋಡಬೇಕಿತ್ತು. ಮೈಕಿಗೆ ಏಳದವರು, ಕೆಮ್ಮಿಗೆ ಏಳದವರು, ಒಬ್ಬೊಬ್ಬರಾಗಿ ಕೊಡ ಬಿಟ್ಟು ಎದ್ದರು. ಎಲ್ಲಿ ಹೋದ ಆ ನೀರು ಬಿಡುವ ಮುದುಕ ಎಂದು ಬೈಯುತ್ತ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಅವರನ್ನು ಹಿಡಿಯಲು ಚಹಾದಂಗಡಿಯ ಕಡೆ ಏರಿ ಬಂದರು. ನೀರು ನಿಂತ ಸಿಟ್ಟಿನಲ್ಲಿ ನಲವತ್ತು ಮನೆ ಖಾಲಿಯಾದವು. ಮುದುಕರನ್ನು, ಕೂಸುಗಳನ್ನು ಎತ್ತಿಕೊಂಡು ಗಂಡಸರೂ ಹಿಂದೆ ಬಂದರು. ಮೇಲೆ ಬಂದು ಹೊರಳಿ ನೋಡಿದ ಮೇಲೆಯೇ ಅವರಿಗೆ ತಾವು ಎಂಥದರಿಂದ ಎದ್ದು ಬಂದೆವೆಂದು ತಿಳಿದದ್ದು.

ಕಾಕಾ ಮೇಲೆ ಬರಲಿಲ್ಲ. ಭಾರವಾದ ಗಾಳಿ ಎಲ್ಲಕ್ಕಿಂತ ಮೊದಲು ತುಂಬುವುದು ಗುಂಡಿಯನ್ನು. ಓಣಿಯ ಇಬ್ಬರು ಗಂಡಸರು ಕೆಳಗಿನ ರಸ್ತೆಯಿಂದ ಸುತ್ತಿ ಬಂದು, ಒದ್ದೆ ಕಂಬಳಿ ಹೊದ್ದು ಅವರನ್ನು ಎಳೆದು ಹಾಕಿದರು. ಆಮೇಲೆ ಗದಗಿನ ಅಗ್ನಿಶಾಮಕದವರು ಬಂದು ಸೋರಿಕೆ ನಿಲ್ಲಿಸಿದರು. ಓಣಿಯವರಲ್ಲಿ ಕೆಲವರಿಗೆ ಕಣ್ಣುರಿ, ಕೆಮ್ಮು, ಸಂಜೆಯ ಹೊತ್ತಿಗೆ ಎಲ್ಲರೂ ಮನೆಗೆ ಬಂದರು. ಕಾಕಾ ಎರಡು ವಾರ ಗದಗಿನ ದವಾಖಾನೆಯಲ್ಲಿದ್ದರು. ನಾನು ಒಂದು ದಿನ ನೋಡಲು ಹೋದೆ. ಮೂಗಿಗೆ ನಳಿಕೆ ಇತ್ತು, ಮಾತಾಡುವ ಹಾಗಿರಲಿಲ್ಲ. ಮಾತಾಡುವ ಹಾಗಿಲ್ಲವೆಂದು ಹಗುರವಾಯಿತು. ಇದನ್ನೂ ಬರೆಯುತ್ತೇನೆ. ಹೌದು, ಹಗುರವಾಯಿತು.

ಮುಂದೆ ವಿಚಾರಣೆ. ಯಾರಾದರೊಬ್ಬರು ತಪ್ಪು ಮಾಡಿರಲೇಬೇಕಲ್ಲ. ಯೋಜನೆ ಇತ್ತೇ? ಇತ್ತು. ಮಂಜೂರಾಗಿತ್ತೇ? ಆಗಿತ್ತು. ಅದನ್ನು ಮೀರಿದವರು ಯಾರು? ಪುಸ್ತಕ ಬಿಚ್ಚಿ ನೋಡಿದರೆ ಇಡೀ ಊರಿನಲ್ಲಿ ಮೀರಿದವರು ಒಬ್ಬರೇ. ತರಬೇತಿ ಇಲ್ಲದೆ ಅನಿಲವಿರುವ ಪ್ರದೇಶವನ್ನು ಪ್ರವೇಶಿಸಿದ್ದೀರಿ, ನಿಮ್ಮನ್ನು ಹೊರತೆಗೆಯಲು ಹೋದವರ ಜೀವಕ್ಕೂ ಅಪಾಯ ತಂದಿದ್ದೀರಿ, ಉತ್ತರ ಕೊಡಿ ಎಂದು ಕಾಕಾಗೆ ನೋಟೀಸು ಕೊಡಬೇಕೆಂದು ತೀರ್ಮಾನವಾಯಿತು. ನೋಟೀಸು ಬರೆಯುವವರು ಯಾರು? ಅರ್ಧ ತಾಸಿನಲ್ಲಿ ಬರೆದು ಕೊಟ್ಟೆ. ಒಂದಕ್ಷರವನ್ನೂ ತಿದ್ದದೆ ಸಹಿಯಾಯಿತು.

ಕಾಕಾ ಆ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ನನ್ನಲ್ಲಿಗೇ ಬಂದರು. ಈ ಸಲ ಹೇಳುವ ಮೊದಲೇ ಬೆಂಚಿನ ಮೇಲೆ ಕುಳಿತರು. ಮೆಟ್ಟಿಲು ಹತ್ತಿದ್ದಕ್ಕೇ ಉಸಿರು ಸೀಟಿ ಹೊಡೆಯುತ್ತಿತ್ತು. ಓದಿ ಹೇಳಿರಿ ಎಂದರು. ನಾನು ಬರೆದದ್ದನ್ನು ನಾನೇ ಓದಿದೆ. ಹೋದದ್ದು ಖರೆ ಐತಲ್ಲ ಎಂದರು, ಸಿಟ್ಟೇ ಇಲ್ಲದ ದನಿಯಲ್ಲಿ. ಇದಕ್ಕೆ ಉತ್ತರವನ್ನೂ ನೀವೇ ಬರೆದು ಕೊಡಿ ಎಂದರು. ಊರಿನಲ್ಲಿ ಅವರಿಗೆ ಗೊತ್ತಿದ್ದ ಬರೆಯುವವಳು ನಾನೊಬ್ಬಳೇ.

ಹಾಳೆ ತೆಗೆದುಕೊಂಡೆ. ಅವರು ಕೇಳಿದರು:

"ನಾ ಅವತ್ತ್ ನಿಮಗ ಹೇಳಿದ್ನೆಲ್ರಿ ಅಕ್ಕಾರ, ಮೊದ್ಲ ನೀರ್ ಬಂದ್ ಮಾಡ್ಬೇಕಂತ. ಅದನ್ನ ಬರೀಬೇಕೇನ್ರಿ?"

ಡ್ರಾವರು ನನ್ನ ಮೊಣಕಾಲಿಗೆ ತಾಗಿಕೊಂಡಿತ್ತು. ಚೀಟಿ ಅದರೊಳಗೇ ಇತ್ತು. ಅದನ್ನು ತೆಗೆದು ಈ ಉತ್ತರಕ್ಕೆ ಪಿನ್ನು ಹಾಕಿ ಕಳಿಸಿದ್ದರೆ ಕಾಕಾನ ಕೆಲಸ ಉಳಿಯುತ್ತಿತ್ತು. ನನಗೆ ಒಂದು ನೋಟೀಸು ಬರುತ್ತಿತ್ತು, ಬಡ್ತಿ ಎರಡು ವರ್ಷ ತಡವಾಗುತ್ತಿತ್ತು. ಇಷ್ಟೇ.

"ಬ್ಯಾಡ ಕಾಕಾ," ಅಂದೆ. "ಅದನ್ನ ಬರದ್ರ ನಿಮಗ ತ್ರಾಸ ಆಕ್ಕೈತಿ."

ಅವರು ತಲೆಯಾಡಿಸಿದರು. ನೀವು ಹೇಳಿದ ಮೇಲೆ ಮುಗಿಯಿತು ಎಂದರು. ನಾನು, ತಿಳಿಯದೆ ತಪ್ಪು ಮಾಡಿದ್ದೇನೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು ಎಂದು ಬರೆದೆ. ಅವರು ಓದದೆ ಸಹಿ ಹಾಕಿದರು. ನಲವತ್ತು ಮನೆಯ ಜನರನ್ನು ಎಬ್ಬಿಸಿ ಕಳಿಸಿದ ಮನುಷ್ಯನ ಬಾಯಿಂದ ತಪ್ಪಾಯಿತು ಎನ್ನಿಸಿದೆ. ಹೋಗುವಾಗ ಕೈ ಮುಗಿದು ಹೋದರು.

ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಬರಲಿಲ್ಲ, ಅಷ್ಟೇ. ತಪ್ಪೊಪ್ಪಿಕೊಂಡ ಕಾಗದ ಫೈಲಿನಲ್ಲಿ ಇದ್ದುದರಿಂದ ಯಾರೂ ಮಾತಾಡುವಂತಿರಲಿಲ್ಲ. ಓಣಿಯ ಹೆಂಗಸರು ಬಂದು ಜಗಳ ತೆಗೆದರು. ಮುಖ್ಯಾಧಿಕಾರಿಗಳು ಅವರಿಗೆ ಆ ಕಾಗದ ತೋರಿಸಿದರು. ಅವರು ಅದನ್ನು ಓದಿ ಮುಖ ಮುಖ ನೋಡಿಕೊಂಡು ಹೊರಟು ಹೋದರು. ನಾನು ಆಗ ಕಂಪ್ಯೂಟರಿನಲ್ಲಿ ಬಹಳ ಕೆಲಸ ಇದ್ದವಳ ಹಾಗೆ ಕುಳಿತಿದ್ದೆ.

ಈ ವರ್ಷ ಯೋಜನೆಯನ್ನು ಹೊಸದಾಗಿ ಬರೆಯಿರಿ ಎಂದು ಮತ್ತೆ ಆದೇಶ ಬಂತು. ಈ ಸಲ ಬರೆದೆ: ನೀರಿನ ಪಾಳಿಯ ದಿನ ಸೋರಿಕೆಯಾದಲ್ಲಿ ಮೊದಲು ಆ ಭಾಗದ ನೀರು ನಿಲ್ಲಿಸಿ, ನಂತರ ಜನರನ್ನು ಎಬ್ಬಿಸತಕ್ಕದ್ದು, ವಾಲ್ವನ್ನು ಗುಂಡಿಯಿಂದ ತೆಗೆದು ಎತ್ತರದ ಜಾಗಕ್ಕೆ ಸ್ಥಳಾಂತರಿಸತಕ್ಕದ್ದು. ದಿನ ಬಿಟ್ಟು ದಿನ ಎಂಬ ಸಾಲನ್ನು ಹೊಡೆದು ಹಾಕಿ, ಇದ್ದದ್ದನ್ನು ಬರೆದೆ. ಕಳಿಸಿದೆ. ಏನೂ ಆಗಲಿಲ್ಲ. ಇಷ್ಟು ವರ್ಷ ನಾನು ಹೆದರಿದ್ದ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ. ಅದಕ್ಕೆ ಬದಲು ಗದಗಿನಲ್ಲಿ ನಡೆದ ತರಬೇತಿಯಲ್ಲಿ ದೊಡ್ಡ ಅಧಿಕಾರಿಗಳು ಆ ಸಾಲನ್ನು ಎಲ್ಲರಿಗೂ ಓದಿ ಹೇಳಿದರು. ಯೋಜನೆ ಎಂದರೆ ಹೀಗೆ ನೆಲದ ಮೇಲಿನದಿರಬೇಕು, ಇದು ಯಾರ ವಿಚಾರ ಎಂದು ಕೇಳಿದರು. ನಮ್ಮ ಎಂಜಿನಿಯರರು ನನ್ನತ್ತ ಕೈ ತೋರಿಸಿದರು. ನಾನು ಎದ್ದು ನಿಂತೆ. ನನ್ನದೇ ಸರ್ ಎಂದೆ. ಚಪ್ಪಾಳೆ ತಟ್ಟಿದರು.

ಮರುದಿನ ಕಚೇರಿ ಮುಗಿಸಿ ಕಾಕಾನ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕು ಎಂದೇ ಹೋದದ್ದು. ಚೀಟಿಯನ್ನೂ ಪರ್ಸಿನಲ್ಲಿಟ್ಟುಕೊಂಡಿದ್ದೆ. ಅವರು ಕಟ್ಟೆಯ ಮೇಲೆ ಗೋಡೆಗಾತು ಕುಳಿತಿದ್ದರು. ಮೈ ಇಳಿದಿತ್ತು. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಮನೆಯವರು ಒಳಗಿನಿಂದ ಚರಿಗೆಯಲ್ಲಿ ನೀರು ತಂದಿಟ್ಟರು. ನಾನು ಹೇಗೆ ತೊಡಗುವುದೆಂದು ತಿಳಿಯದೆ, ಯೋಜನೆಯಲ್ಲಿ ನಿಮ್ಮ ಮಾತು ಬರೆದಿದ್ದೇನೆ ಕಾಕಾ, ಗದಗಿನಲ್ಲಿ ದೊಡ್ಡ ಸಾಹೇಬರು ಅದನ್ನು ಓದಿ ಹೇಳಿದರು ಎಂದೆ.

ಅವರ ಮುಖ ಒಮ್ಮೆಲೇ ಅರಳಿತು. ಎಲ್ಲರ ಮುಂದೆ ಓದಿದರೇನ್ರಿ ಎಂದು ಕೇಳಿದರು. ಹೌದೆಂದೆ. ವಾಲ್ವ್ ಮೇಲಕ್ಕೆ ತರುತ್ತಾರಂತೇನ್ರಿ ಎಂದು ಕೇಳಿದರು. ಅದಕ್ಕೂ ಹೌದೆಂದೆ. ಆಮೇಲೆ, ಏನೋ ಕೇಳಬಾರದ್ದನ್ನು ಕೇಳುವವರ ಹಾಗೆ ನೆಲ ನೋಡುತ್ತ, ದನಿ ಇಳಿಸಿ ಕೇಳಿದರು:

"ನನ್ನ ಹೆಸರ ಹಾಕೀರೇನ್ರಿ?"

"ಹಾಕೀನಿ ಕಾಕಾ," ಅಂದೆ.

ಅವರು ಒಳಗಿದ್ದ ಹೆಂಡತಿಯನ್ನು ಕೂಗಿದರು. ಕೂಗಿದ್ದಕ್ಕೆ ಕೆಮ್ಮು ಬಂತು, ಕೆಮ್ಮು ನಿಲ್ಲುವವರೆಗೆ ಕಾದು, ಸರಕಾರದ ಪುಸ್ತಕದಲ್ಲಿ ನನ್ನ ಹೆಸರು ಬಂದಿದೆಯಂತೆ ಎಂದು ಹೇಳಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಹಾಳೆಯದೊಂದು ಪ್ರತಿ ಕೊಡಿರಿ ಅಕ್ಕಾರ, ಅಳಿಯಂದಿರು ಬಂದಾಗ ತೋರಿಸುತ್ತೇವೆ ಎಂದರು. ಕೊಡುತ್ತೇನೆ ಎಂದು ಹೇಳಿ, ನೀರು ಕುಡಿದು, ಎದ್ದು ಬಂದೆ.

ಮೂರು ತಿಂಗಳಾಯಿತು. ಆಕೆ ಎರಡು ಸಲ ಕಚೇರಿಗೆ ಬಂದು ಆ ಹಾಳೆ ಕೇಳಿ ಹೋಗಿದ್ದಾರೆ. ಜೆರಾಕ್ಸ್ ಮಷೀನು ಕೆಟ್ಟಿದೆ ಎಂದು ಹೇಳಿ ಕಳಿಸಿದ್ದೇನೆ.